ನಕಲು ಮಾಡಿ ಸುಸ್ತಾದ ಗಣಿತದ ಮೇಡಂ: ಗ್ರೇಸ್ ಹಾಪರ್

ನಮ್ಮ ಅಬ್ಬಾನ ಅಂಗಡಿಯಲ್ಲಿ ಎರಡು ಪುಸ್ತಕಗಳಿವೆ. ದಿನದ ವ್ಯಾಪಾರ ಬರೆಯುವುದು ಒಂದು, ಗಿರಾಕಿಗಳ ಉದ್ರಿ ಲೆಕ್ಕ ಇನ್ನೊಂದು. ಕಳೆದ ಬೇಸಿಗೆ ರಜೆಯಲ್ಲಿ ಒಂದರಿಂದ ಇನ್ನೊಂದಕ್ಕೆ ಇಳಿಸುವ ಕೆಲಸ ನನ್ನದಾಗಿತ್ತು. 460 ರೂಪಾಯಿ ಇದ್ದಲ್ಲಿ ನಾನು 640 ಎಂದು ಬರೆದೆ. ಆ ಹಿರಿಯ ಗಿರಾಕಿ ಒಂದು ಮಾತೂ ಆಡದೆ ಹಣ ಕೊಟ್ಟರು, ಆಮೇಲೆ ಅಂಗಡಿಗೆ ಬರುವುದನ್ನೇ ಬಿಟ್ಟರು. ವ್ಯತ್ಯಾಸ 180. ಅದು 9ರಿಂದ ಭಾಗವಾಗುತ್ತದೆ, ಅಂದರೆ ಅಂಕಿ ಅದಲುಬದಲಾಗಿರಬಹುದು ಎಂದು ಅಕೌಂಟೆನ್ಸಿ ಓದುವವರಿಗೆಲ್ಲ ಗೊತ್ತು. ನನಗೆ ಹೊಳೆಯುವಾಗ ತಡವಾಗಿತ್ತು. ಅಬ್ಬಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇದೇ ರೀತಿಯ ನಕಲಿನ ತಪ್ಪಿನಿಂದ ಬೇಸತ್ತು ಕಂಪ್ಯೂಟರಿನ ಚರಿತ್ರೆಯನ್ನೇ ಬದಲಿಸಿದ ಒಬ್ಬರ ಬಗ್ಗೆ ಆಮೇಲೆ ಓದಿದೆ. ಅವರೇ ಗ್ರೇಸ್ ಹಾಪರ್.

ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ನ್ಯೂಯಾರ್ಕಿನಲ್ಲಿ. ಏಳು ವರ್ಷದ ಹುಡುಗಿಯಾಗಿದ್ದಾಗ ಅಲಾರಂ ಹೇಗೆ ಹೊಡೆಯುತ್ತದೆ ಎಂದು ನೋಡಲು ಮನೆಯಲ್ಲಿದ್ದ ಏಳು ಗಡಿಯಾರಗಳನ್ನು ಬಿಚ್ಚಿ ಹಾಕಿದ್ದರಂತೆ. ಯೇಲ್ ವಿಶ್ವವಿದ್ಯಾಲಯದಲ್ಲಿ 1934ರಲ್ಲಿ ಗಣಿತದ ಪಿಎಚ್.ಡಿ. ಪಡೆದು, ವಾಸರ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಮಹಾಯುದ್ಧದ ಸಮಯದಲ್ಲಿ ನೌಕಾಪಡೆಗೆ ಸೇರಲು ಹೋದರೆ ತೂಕ ಕಡಿಮೆ ಎಂಬ ಅಡ್ಡಿ ಬಂತು. ವಿಶೇಷ ಅನುಮತಿ ಪಡೆದು 1943ರ ಕೊನೆಯಲ್ಲಿ ಸೇರಿಯೇಬಿಟ್ಟರು. ಮರುವರ್ಷ ಅವರನ್ನು ಕಳಿಸಿದ್ದು ಹಡಗಿಗಲ್ಲ, ಹಾರ್ವರ್ಡ್‌ನಲ್ಲಿದ್ದ 51 ಅಡಿ ಉದ್ದದ ಮಾರ್ಕ್ 1 ಎಂಬ ಯಂತ್ರದ ಮುಂದಕ್ಕೆ.

ಅಲ್ಲಿ ಸೈನ್ ಬೆಲೆ ಕಂಡುಹಿಡಿಯುವಂಥ ಲೆಕ್ಕಗಳು ಮತ್ತೆ ಮತ್ತೆ ಬೇಕಾಗುತ್ತಿದ್ದವು. ಒಮ್ಮೆ ಸರಿಯಾಗಿ ನಡೆದ ತುಂಡನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಇಂಥ ತುಂಡಿಗೆ ಸಬ್‌ರೂಟೀನ್ ಎನ್ನುತ್ತಾರೆ, ಇಂದು ನಾವು ಲ್ಯಾಬ್‌ನಲ್ಲಿ ಫಂಕ್ಷನ್ ಅನ್ನುವುದು ಅದರ ಮೊಮ್ಮಗು. ಬೇಕಾದವರು ಒಬ್ಬರ ನೋಟ್‌ಬುಕ್ಕಿನಿಂದ ಇನ್ನೊಬ್ಬರು ಕೈಯಲ್ಲಿ ನಕಲು ಮಾಡಿಕೊಳ್ಳಬೇಕು, ಹೊಸ ಪ್ರೋಗ್ರಾಂಗೆ ಹೊಂದುವಂತೆ ವಿಳಾಸಗಳನ್ನು ಕೂಡಿ ಬದಲಿಸಬೇಕು. ಆಗ 4 ಹೋಗಿ ಡೆಲ್ಟಾ ಆಗುತ್ತಿತ್ತು, ಬಿ ಅಕ್ಷರ 13 ಆಗುತ್ತಿತ್ತು. ಗಣಿತದ ಪಂಡಿತರೇ ಕೂಡುವಾಗ ತಪ್ಪುತ್ತಿದ್ದರು! ಮೂಲ ತುಂಡು ಸರಿ, ನಕಲು ಮಾತ್ರ ತಪ್ಪು. ಹತ್ತು ಕಡೆ ನಕಲಾದರೆ ಹತ್ತು ಕಡೆ ತಿದ್ದಬೇಕು. ನನ್ನ 640ರಂತೆಯೇ.

ಹಾಪರ್ ಎಂದರೆ ಎಲ್ಲರೂ ಹೇಳುವುದು ಪತಂಗದ ಕಥೆ. 1947ರ ಸೆಪ್ಟೆಂಬರ್ 9ರಂದು ಮಾರ್ಕ್ 2 ಯಂತ್ರದ ರಿಲೇಯಲ್ಲಿ ಸಿಕ್ಕಿದ್ದ ಪತಂಗವನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿದ್ದು ನಿಜ. ಆದರೆ ಅದನ್ನು ಹಿಡಿದವರು ಅವರಲ್ಲ, ಬಗ್ ಎಂಬ ಮಾತೂ ಎಡಿಸನ್ ಕಾಲದಿಂದಲೇ ಇತ್ತು. ನನಗೆ ಅವರ ದೊಡ್ಡ ಕೆಲಸ ಕಾಣುವುದು ಬೇರೆಡೆ.

1949ರಲ್ಲಿ ಅವರು ಯುನಿವ್ಯಾಕ್ ತಯಾರಿಸುತ್ತಿದ್ದ ಕಂಪನಿ ಸೇರಿದರು. ಪರೀಕ್ಷಿಸಿದ ಸಬ್‌ರೂಟೀನ್‌ಗಳನ್ನೆಲ್ಲ ಟೇಪಿನಲ್ಲಿಟ್ಟು, ಲೈಬ್ರರಿ ಪುಸ್ತಕದ ಬೆನ್ನಿಗಿರುವಂತೆ ಪ್ರತಿಯೊಂದಕ್ಕೂ ಒಂದು ನಂಬರ್ ಕೊಟ್ಟರು. ಬರೆಯುವವರು ಯಾವುದು ಬೇಕೆಂದು ನಂಬರ್ ಆರಿಸಿದರೆ ಸಾಕು, ನಕಲು ಮಾಡುವ, ವಿಳಾಸ ಕೂಡುವ ಕೆಲಸ ಯಂತ್ರದ್ದು. 1952ರ ಹೊತ್ತಿಗೆ ಸಿದ್ಧವಾದ ಈ ಎ-0 ಅನ್ನೇ ಅವರು ಕಂಪೈಲರ್ ಎಂದು ಕರೆದರು. ತಪ್ಪು ನಂಬರ್ ಆರಿಸಿದರೆ ಯಂತ್ರ ತಪ್ಪಿದ್ದನ್ನೇ ವಿಧೇಯವಾಗಿ ತಂದು ಜೋಡಿಸುತ್ತದೆ, ಆ ಆಯ್ಕೆ ಮಾತ್ರ ಮನುಷ್ಯರಿಗೇ ಉಳಿಯಿತು. ಇಂದಿಗೂ ಡೀಬಗರ್‌ನಲ್ಲಿ ಈ ಫಂಕ್ಷನ್ನಿನೊಳಗೆ ಇಳಿದು ನೋಡಬೇಕೆ, ನಂಬಿ ದಾಟಿಹೋಗಬೇಕೆ ಎಂದು ನಾವು ತಲೆ ಕೆರೆದುಕೊಳ್ಳುತ್ತೇವಲ್ಲ, ಹಾಗೆ.

ಒಂದು ಕಡೆ ಅವರೂ ಸಿಕ್ಕಿಹಾಕಿಕೊಂಡರು. ಇನ್ನೂ ಜೋಡಿಸಿಲ್ಲದ ಮುಂದಿನ ತುಂಡಿಗೆ ಜಿಗಿಯಬೇಕಾದರೆ ಅದರ ವಿಳಾಸವೇ ಗೊತ್ತಿಲ್ಲ. ಯುನಿವ್ಯಾಕ್‌ನ ನೆನಪಿನಲ್ಲಿ ಜಾಗ ಇದ್ದದ್ದು ಬರೀ 1000 ಪದಗಳಿಗೆ, ಆದ್ದರಿಂದ ಒಂದೇ ಸುತ್ತಿನಲ್ಲಿ ಕೆಲಸ ಮುಗಿಯಬೇಕು. ಆಗ ನೆನಪಾದದ್ದು ಕಾಲೇಜಿನ ಬ್ಯಾಸ್ಕೆಟ್‌ಬಾಲ್. ಅಂದಿನ ಹುಡುಗಿಯರ ಆಟದಲ್ಲಿ ಚೆಂಡು ಹಿಡಿದು ಮುಂದೆ ಓಡುವಂತಿರಲಿಲ್ಲ. ಗೆಳತಿಗೆ ಎಸೆದು, ತಾನು ಬುಟ್ಟಿಯ ಬಳಿ ಓಡಿ, ಚೆಂಡು ವಾಪಸ್ ಪಡೆಯಬೇಕು. ಅದರಂತೆ ನೆನಪಿನಲ್ಲಿ ಒಂದು ಮೂಲೆ ಬಿಟ್ಟು, ಜಿಗಿತವನ್ನು ಅಲ್ಲಿಗೆ ಕಳಿಸಿದರು. ಮುಂದಿನ ತುಂಡು ತನ್ನ ಸ್ಥಾನಕ್ಕೆ ಬಂದಾಗ ಅದರ ವಿಳಾಸ ಆ ಮೂಲೆಗೆ ತಲುಪುತ್ತಿತ್ತು. ಇದನ್ನು ಓದಿ ನಾನು ಒಬ್ಬಳೇ ಕೂತು ನಕ್ಕೆ, ಅಮ್ಮಿ ಬಂದು ಏನಾಯಿತೆಂದು ನೋಡಿಹೋದರು.

ಕಾಮರ್ಸ್‌ನವರಾದ ನಮಗೂ ಅವರ ಋಣವಿದೆ. ವ್ಯಾಪಾರದ ಲೆಕ್ಕಕ್ಕೆ ಇಂಗ್ಲಿಷ್ ಪದಗಳಲ್ಲೇ ಆದೇಶ ಕೊಡುವ ಫ್ಲೋ-ಮ್ಯಾಟಿಕ್ ಅವರ ತಂಡದ್ದು. 1959ರಲ್ಲಿ ಸಮಿತಿಯೊಂದು ರೂಪಿಸಲು ತೊಡಗಿದ ಕೋಬಾಲ್ ಭಾಷೆಗೆ ಅದೇ ಮುಖ್ಯ ಆಧಾರ. 1966ರಲ್ಲಿ ನಿವೃತ್ತರಾದ ಅವರನ್ನು ನೌಕಾಪಡೆ ಮರುವರ್ಷವೇ ವಾಪಸ್ ಕರೆಸಿಕೊಂಡಿತು, ಕೊನೆಗೆ ಬಿಟ್ಟದ್ದು 1986ರಲ್ಲಿ, ಅವರ 79ನೇ ವಯಸ್ಸಿನಲ್ಲಿ. 1992ರ ಜನವರಿ 1ರಂದು ತೀರಿಕೊಂಡರು. ಅವರ ಆಫೀಸಿನ ಗೋಡೆ ಗಡಿಯಾರ ಹಿಂದಕ್ಕೆ ತಿರುಗುತ್ತಿತ್ತು, ಸಮಯವನ್ನು ಮಾತ್ರ ಸರಿಯಾಗಿ ತೋರಿಸುತ್ತಿತ್ತು.

ಆ 180 ರೂಪಾಯಿ ಕೊಡಲು ಎರಡೂ ಪುಸ್ತಕ ಹಿಡಿದು ನಾನೇ ಆ ಗಿರಾಕಿಯ ಮನೆಗೆ ಹೋದೆ. ಅವರು ಎರಡು ಪುಟಗಳನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು, ನಂತರ ಒಳಗೆ ಚಹಾಕ್ಕೆ ಹೇಳಿದರು.