ಗಗನದ ದಾದಿ ಎಲೆನ್ ಚರ್ಚ್

ಅಮೆರಿಕದ ಅಯೋವಾ ಸಂಸ್ಥಾನದ ಕ್ರೆಸ್ಕೊ ಎಂಬ ಊರಿನ ಸಮೀಪದಲ್ಲಿ 1904ರ ಸೆಪ್ಟೆಂಬರ್ 22ರಂದು ಎಲೆನ್ ಚರ್ಚ್ ಜನಿಸಿದಳು. ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ಶುಶ್ರೂಷೆಯ ಶಿಕ್ಷಣ ಮುಗಿಸಿ, ಸ್ಯಾನ್ ಫ್ರಾನ್ಸಿಸ್ಕೋ ನಗರದ ಆಸ್ಪತ್ರೆಯೊಂದರಲ್ಲಿ ದಾದಿಯಾದಳು. ಆದರೆ ಆಕೆಯ ಮನಸ್ಸು ಆಕಾಶದಲ್ಲಿತ್ತು. ವಿಮಾನ ನಡೆಸಬೇಕೆಂಬುದು ಆಕೆಯ ಹಂಬಲ. ಆ ಕೆಲಸವನ್ನು ಹೆಣ್ಣಿಗೆ ಕೊಡುವ ಸಂಸ್ಥೆ ಅಂದು ದೊರೆಯುವಂತಿರಲಿಲ್ಲ.

ಆ ಕಾಲದ ವಿಮಾನಗಳಲ್ಲಿ ಒಳಗಿನ ಗಾಳಿಯ ಒತ್ತಡವನ್ನು ಕಾಪಾಡುವ ಏರ್ಪಾಡು ಇರಲಿಲ್ಲ. ಆದಕಾರಣ ಅವು ಹೆಚ್ಚು ಎತ್ತರಕ್ಕೆ ಏರಲಾರದೆ, ಕಾದ ನೆಲದಿಂದ ಮೇಲೇಳುವ ಗಾಳಿಯಲ್ಲಿಯೂ, ಬೆಟ್ಟಗಳನ್ನು ದಾಟಿ ಅಲೆಯಲೆಯಾಗಿ ಹರಿಯುವ ಗಾಳಿಯಲ್ಲಿಯೂ ಹೊಯ್ದಾಡುತ್ತ ಸಾಗಬೇಕಾಗಿತ್ತು. ಪ್ರಯಾಣಿಕರು ವಾಂತಿಯಿಂದಲೂ ಭಯದಿಂದಲೂ ಬಳಲುತ್ತಿದ್ದರು. ಇಂತಹವರ ನಡುವೆ ತರಬೇತಾದ ದಾದಿಯೊಬ್ಬಳು ಇರಬೇಕೆಂದು ಎಲೆನ್, ಬೋಯಿಂಗ್ ಏರ್ ಟ್ರಾನ್ಸ್‌ಪೋರ್ಟ್ ಸಂಸ್ಥೆಯ ಅಧಿಕಾರಿ ಸ್ಟೀವ್ ಸ್ಟಿಂಪ್ಸನ್ನನಿಗೆ ಸೂಚಿಸಿದಳು. ಸಂಸ್ಥೆಯು ಮೂರು ತಿಂಗಳ ಪ್ರಯೋಗಕ್ಕೆ ಒಪ್ಪಿ ಎಂಟು ಮಂದಿ ದಾದಿಯರನ್ನು ನೇಮಿಸಿತು. ಅವರು ಅವಿವಾಹಿತೆಯರಾಗಿರಬೇಕು, ತೂಕ 115 ಪೌಂಡುಗಳನ್ನು ಮೀರಬಾರದು ಎಂಬ ನಿಯಮಗಳಿದ್ದವು. ಇಂದು ಇವು ಅನ್ಯಾಯವೆನಿಸುವುದು ಸಹಜ.

1930ರ ಮೇ 15ರಂದು ಓಕ್ಲೆಂಡಿನಿಂದ ಷಿಕಾಗೋವಿಗೆ ಹೊರಟ ವಿಮಾನವನ್ನು ಎಲೆನ್ ಏರಿದಳು. 14 ಪ್ರಯಾಣಿಕರು, 13 ಕಡೆ ತಂಗುತ್ತ ಸುಮಾರು 20 ಗಂಟೆಗಳ ಯಾನ. ಊಟ ಬಡಿಸುವುದು ಆಕೆಯ ಕೆಲಸಗಳಲ್ಲಿ ಒಂದು ಮಾತ್ರ. ಆಸನಗಳು ನೆಲಕ್ಕೆ ಬಿಗಿಯಾಗಿವೆಯೇ ಎಂದು ಪರೀಕ್ಷಿಸುವುದೂ, ಶೌಚಾಲಯದ ಬಾಗಿಲೆಂದು ಭ್ರಮಿಸಿ ಯಾರೂ ಹೊರಬಾಗಿಲನ್ನು ತೆರೆಯದಂತೆ ಕಾಯುವುದೂ ಈ ದಾದಿಯರ ಹೊಣೆಯಾಗಿದ್ದವು.

ಆಸನವನ್ನು ನೆಲಕ್ಕೆ ಬಿಗಿಯುವುದು ಸಣ್ಣ ಮಾತೆಂದು ತೋರಬಹುದು. ವಿಮಾನವು ಥಟ್ಟನೆ ಕೆಳಗೆ ಕುಸಿದಾಗ, ಅದಕ್ಕೆ ಬಂಧಿತವಾಗದ ವಸ್ತುವಾಗಲಿ ದೇಹವಾಗಲಿ ಜಡತ್ವದಿಂದ ಹಿಂದುಳಿದು ಚಾವಣಿಗೆ ಬಡಿಯುತ್ತದೆ. ಮರುಕ್ಷಣವೇ ನೆಲಕ್ಕೆ ಅಪ್ಪಳಿಸುತ್ತದೆ. ವಿಮಾನಗಳು ಈಗ 10 ಕಿಲೋಮೀಟರಿಗೂ ಎತ್ತರದಲ್ಲಿ ಹಾರಿದರೂ ಈ ಅಪಾಯ ನೀಗಿಲ್ಲ. 2024ರ ಮೇ 21ರಂದು ಲಂಡನ್ನಿನಿಂದ ಸಿಂಗಪುರಕ್ಕೆ ಹೊರಟಿದ್ದ ವಿಮಾನವೊಂದು 5 ಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ಸುಮಾರು 54 ಮೀಟರ್ ಕುಸಿಯಿತು. ಒಬ್ಬ ಪ್ರಯಾಣಿಕ ಮೃತಪಟ್ಟನು; ಹಲವರು ಗಾಯಗೊಂಡರು. ಸೊಂಟಕ್ಕೆ ಪಟ್ಟಿ ಬಿಗಿದುಕೊಳ್ಳದಿದ್ದವರು ಆಸನಗಳಿಂದ ಮೇಲಕ್ಕೆ ಎಸೆಯಲ್ಪಟ್ಟಿದ್ದರು. ಇಂತಹ ಹೊಯ್ದಾಟಗಳಲ್ಲಿ ಹೆಚ್ಚಾಗಿ ಪೆಟ್ಟು ತಿನ್ನುವವರು, ಪ್ರಯಾಣಿಕರ ಪಟ್ಟಿಗಳನ್ನು ನೋಡುತ್ತ ತಾವು ನಿಂತೇ ಇರಬೇಕಾದ ಪರಿಚಾರಕರು.

ಎಲೆನ್ ಗಾಯಗೊಂಡದ್ದು ಮಾತ್ರ ಆಕಾಶದಲ್ಲಲ್ಲ. ಸುಮಾರು 18 ತಿಂಗಳ ಸೇವೆಯ ಬಳಿಕ ಮೋಟಾರು ಅಪಘಾತವೊಂದು ಆಕೆಯ ಹಾರಾಟವನ್ನು ನಿಲ್ಲಿಸಿತು. ಆಕೆ ಮರಳಿ ಶುಶ್ರೂಷೆಗೆ ತೊಡಗಿದಳು. ಎರಡನೆಯ ಮಹಾಯುದ್ಧದಲ್ಲಿ ಸೇನೆಯ ದಾದಿಯಾಗಿ ಆಫ್ರಿಕ, ಸಿಸಿಲಿ, ಇಂಗ್ಲೆಂಡ್ ಮತ್ತು ಫ್ರಾನ್ಸ್‌ಗಳಲ್ಲಿ ಗಾಯಾಳುಗಳನ್ನು ವಿಮಾನಗಳಲ್ಲಿ ಸಾಗಿಸುವ ಕಾರ್ಯದಲ್ಲಿ ನಿರತಳಾಗಿ ಏರ್ ಮೆಡಲ್ ಪದಕ ಪಡೆದಳು. ಬಳಿಕ ಇಂಡಿಯಾನ ಸಂಸ್ಥಾನದ ಟೆರ ಹೋಟ್ ನಗರದ ಯೂನಿಯನ್ ಆಸ್ಪತ್ರೆಯಲ್ಲಿ ಶುಶ್ರೂಷಾ ವಿಭಾಗದ ಮುಖ್ಯಸ್ಥೆಯಾದಳು. 1965ರ ಆಗಸ್ಟ್ 22ರಂದು, ಕುದುರೆ ಸವಾರಿಯಲ್ಲಿ ಸಂಭವಿಸಿದ ಅಪಘಾತದಿಂದ ಆಕೆ ತೀರಿಕೊಂಡಳು. ಕ್ರೆಸ್ಕೊದ ವಿಮಾನ ನಿಲ್ದಾಣಕ್ಕೆ ಆಕೆಯ ಹೆಸರನ್ನಿಡಲಾಗಿದೆ.