ಚೀಲ ಹೊತ್ತ ಮೇಷ್ಟರು

ರಾಜರತ್ನಂ ಅಂದ ಕೂಡಲೆ ನಮ್ಮಲ್ಲಿ ಮುಕ್ಕಾಲು ಪಾಲು ಜನಕ್ಕೆ ನೆನಪಾಗೋದು ಹೆಂಡ. ಎಂಡ್ಕುಡ್ಕ ರತ್ನ, ಅವನ ಪುಟ್ನಂಜಿ, ಮೈಸೂರು ಅನಂತಸ್ವಾಮಿಯವರ ದನಿ. ಹಾಸ್ಟೆಲಿನಲ್ಲಿ ರಾತ್ರಿ ಹತ್ತರ ಮೇಲೆ ಕನ್ನಡದ ಹುಡುಗರು ನಾಲ್ಕು ಜನ ಕೂಡಿದರೆ ರತ್ನ ಬಂದೇ ಬರ್ತಾನೆ. ಆ ಪದಗಳನ್ನು ಕಟ್ಟಿದ ಮನುಷ್ಯ ಹೆಂಡ ಮುಟ್ಟಿದವರಲ್ಲ ಅನ್ನೋ ಸಂಗತಿಯೂ ಎಲ್ಲರಿಗೂ ಗೊತ್ತು. ಆದರೆ ನಾನು ಇಲ್ಲಿ ಬರೆಯಹೊರಟಿರುವುದು ಇನ್ನೊಬ್ಬ ರಾಜರತ್ನಂ ಕುರಿತು: ಮಕ್ಕಳಿಗಾಗಿ ಚಿಕ್ಕ ಚಿಕ್ಕ ಪುಸ್ತಕ ಬರೆದು, ತಾವೇ ಅಚ್ಚು ಹಾಕಿಸಿ, ಚೀಲದಲ್ಲಿ ತುಂಬಿಕೊಂಡು ತಾವೇ ಮಾರಿದ ಮೇಷ್ಟರು.

ಇದಕ್ಕೆ ಕಾರಣವೂ ಇದೆ. ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸುಗಳಲ್ಲಿ ಬೆಳೆದ ಕನ್ನಡದ ಮಕ್ಕಳಿಗೆ ಓದಿ ಹೇಳಲು ನಮ್ಮ ಬಳಗದವರೇ ಕೈಯಿಂದ ಒಂದು ಕತೆ ಪುಸ್ತಕ ಮಾಡೋಣ ಅಂತ ಮಾತು ನಡೀತಾ ಇದೆ. ಮಾತು ಶುರುವಾದ ಅರ್ಧ ಗಂಟೆಗೇ ದುಡ್ಡಿನ ಪ್ರಶ್ನೆ ಬಂತು. ಒಂದು ಗಂಟೆಗೆ ಅರ್ಧ ಜನ ಎದ್ದು ಹೋದರು. ಎದ್ದು ಹೋದವರು ಇದನ್ನು ಓದಲಿ ಎಂಬುದು ನನ್ನ ಸಣ್ಣ ಆಸೆ.

ರಾಜರತ್ನಂ ಹುಟ್ಟಿದ್ದು ರಾಮನಗರದಲ್ಲಿ. ಹೆಸರಿನ ಮೊದಲಲ್ಲಿರುವ 'ಜಿ' ಮನೆತನದ ಊರಾದ ಗುಂಡ್ಲುಪೇಟೆಯದು. ಮೊದಲಿಗೆ ಅವರ ಹೆಸರು ರಾಜಯ್ಯಂಗಾರ್. ಶಾಲೆಯ ದಿನಗಳಲ್ಲೇ ಜಾತಿಯ ಬಾಲ ಕಳಚಿ ರಾಜರತ್ನಂ ಆದರು. ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡವರು. ತಂದೆ ಮೇಷ್ಟರು, ಮನೆಯಲ್ಲಿ ಅನುಕೂಲ ಅಷ್ಟಕ್ಕಷ್ಟೆ. ಮೈಸೂರಿನಲ್ಲಿ ಓದಿ 1931ರಲ್ಲಿ ಕನ್ನಡ ಎಂ.ಎ. ಮಾಡಿದರು. ಕನ್ನಡ ಎಂ.ಎ. ಅಂದರೆ ಆ ಕಾಲಕ್ಕೆ ಹೊಸ ಸರಕು. ಹೊಸ ಸರಕಿಗೆ ಗಿರಾಕಿ ಇರಲಿಲ್ಲ. (ಈ ವಾಕ್ಯ ಓದಿ ಯಾರೂ ನಿಟ್ಟುಸಿರು ಬಿಡಬೇಕಾಗಿಲ್ಲ.) ಸರ್ಕಾರಿ ಕಾಲೇಜಿನ ಕನ್ನಡ ಪಂಡಿತರ ಕೆಲಸ ಸಿಕ್ಕಿದ್ದು 1938ರಲ್ಲಿ. ನಡುವಿನ ಏಳು ವರ್ಷ ಅಲೆದದ್ದೇ ಅಲೆದದ್ದು. ಬೇರೆ ಕಡೆ ಕೆಲಸ ಹುಡುಕಿ ಹೊರಟವರನ್ನು ಸಾಹಿತ್ಯದ ಕಡೆಗೆ ತಿರುಗಿಸಿದವರಲ್ಲಿ ಮಾಸ್ತಿಯವರ ಪಾಲು ದೊಡ್ಡದು.

ಆ ಅಲೆದಾಟದ ದಿನಗಳಲ್ಲೇ ಕೆಲಕಾಲ ಚಿಕ್ಕ ಮಕ್ಕಳಿಗೆ ಪಾಠ ಹೇಳಿದರು. ಎಂ.ಎ. ಓದಿದವನು ಶಿಶುವಿಹಾರದಲ್ಲಿ! ಇಂದಿಗೂ ನಮ್ಮ ಬಂಧುಗಳು ಮೂಗು ಮುರಿಯುವ ವಿಷಯ. ಆದರೆ ಅಲ್ಲಿ ಕೂತಾಗಲೇ ಅವರ ಕಣ್ಣಿಗೆ ಬಿದ್ದದ್ದು ಏನೆಂದರೆ, ಮಕ್ಕಳ ಬಾಯಿಗೆ ಒಗ್ಗುವ ಕನ್ನಡ ಪದ್ಯಗಳ ಬಡತನ. ಅವರಿಗೆ ಮುಂಚೆ ಮಂಗಳೂರಿನ ಕಡೆ ಪಂಜೆ ಮಂಗೇಶರಾಯರು ಮಕ್ಕಳಿಗಾಗಿ ಬರೆದಿದ್ದರು, ಬಹಳ ಚೆನ್ನಾಗಿ ಬರೆದಿದ್ದರು. ಆದರೆ ತರಗತಿಯಲ್ಲಿ ಮೂವತ್ತು ಮಕ್ಕಳು ಬಾಯಿ ತೆರೆದು ಕೂತಿರುವಾಗ ಒಬ್ಬರ ಪದ್ಯ ಎಷ್ಟು ದಿನಕ್ಕೆ ಸಾಕಾಗುತ್ತೆ? ತಾವೇ ಕಟ್ಟಿದರು. 'ತುತ್ತೂರಿ' ಹುಟ್ಟಿದ್ದು ಹಾಗೆ. ಬಳಿಕ 'ಕಡಲೆಪುರಿ', 'ಚುಟುಕ', 'ಗುಲಗಂಜಿ'. ಹೆಸರುಗಳನ್ನು ನೋಡಿ. ಒಂದೂ ನಿಘಂಟಿನಿಂದ ಬಂದದ್ದಲ್ಲ. ಎಲ್ಲವೂ ಸಂತೆಯಲ್ಲಿ, ಅಂಗಳದಲ್ಲಿ ಮಕ್ಕಳ ಕೈಗೆ ಸಿಗುವಂಥವು.

ಬರೆಯೋದು ಸುಲಭ, ಅಚ್ಚು ಹಾಕಿಸೋದು ಕಷ್ಟ. ಆ ಕಾಲದ ಮುದ್ರಣದ ಲೆಕ್ಕ ಸ್ವಲ್ಪ ಹೇಳಿಬಿಡ್ತೇನೆ, ನಮ್ಮ ಕೆಲಸಕ್ಕೂ ಬರುತ್ತೆ. ಮೊಳೆಗಳನ್ನು ಒಂದೊಂದಾಗಿ ಕೈಯಿಂದ ಜೋಡಿಸಬೇಕು. ಕನ್ನಡಕ್ಕೆ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ಬಗೆಯ ಮೊಳೆ ಬೇಕು. ಜೋಡಿಸುವವನ ಕೂಲಿ ಜಾಸ್ತಿ. ಚಿತ್ರ ಬೇಕೆಂದರೆ ಪ್ರತಿಯೊಂದಕ್ಕೂ ಬ್ಲಾಕು ಮಾಡಿಸಬೇಕು, ಅದು ಬೇರೆ ಖರ್ಚು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಕಾಗದಕ್ಕೇ ಬರ ಬಂತು. ಒಂದು ದೊಡ್ಡ ಹಾಳೆಯನ್ನು ಮೂರು ಸಲ ಮಡಿಚಿದರೆ ಎಂಟು ಎಲೆ, ಹದಿನಾರು ಪುಟ. ಅಂಚು ಕತ್ತರಿಸಿ ಮಧ್ಯೆ ಎರಡು ಪಿನ್ನು ಹೊಡೆದರೆ ಪುಸ್ತಕ ಆಯಿತು. ಹದಿನೇಳನೆಯ ಪುಟಕ್ಕೆ ಹೋದರೆ ಇನ್ನೊಂದು ಹಾಳೆ ಬೇಕು. ಅದಕ್ಕೇ ಬಡ ಪ್ರಕಾಶಕನ ಪುಸ್ತಕ ಹದಿನಾರಕ್ಕೋ ಮೂವತ್ತೆರಡಕ್ಕೋ ನಿಲ್ಲುತ್ತದೆ. ಅಲ್ಲಿ ಕವಿಯ ಸ್ಫೂರ್ತಿಗಿಂತ ಕಾಗದದ ಮಡಿಕೆ ದೊಡ್ಡದು. ಚಿತ್ರವಿಲ್ಲದ ಪುಸ್ತಕವನ್ನು ಮಗು ಕೈಯಲ್ಲಿ ಹಿಡಿಯಬೇಕಾದರೆ ಪದ್ಯವೇ ಚಿತ್ರವಾಗಬೇಕು. ತುತ್ತೂರಿ ಕೊಂಡು ಜಂಬ ಮಾಡಿದ ಹುಡುಗನ ತುತ್ತೂರಿ ನೀರಿಗೆ ಬಿದ್ದದ್ದು ನಮಗೆಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ ತಾನೆ? ಅದಕ್ಕೆ ಯಾವ ಬ್ಲಾಕೂ ಬೇಕಾಗಲಿಲ್ಲ.

ಪಾಲಿ ಭಾಷೆ ಕಲಿತು ಬುದ್ಧನ ಸಾಹಿತ್ಯವನ್ನು ಕನ್ನಡಕ್ಕೆ ತರಲು ಹೊರಟಾಗ ಅವರು ತಮ್ಮದೇ 'ಶಾಕ್ಯ ಸಾಹಿತ್ಯ ಮಂಟಪ'ವನ್ನು ಕಟ್ಟಿ ನಡೆಸಿದರು. ಮಂಟಪ ಅಂದರೆ ದೊಡ್ಡ ಕಟ್ಟಡ ಅಂದುಕೊಳ್ಳಬೇಡಿ. ಬರೆಯುವವರು, ಕರಡು ತಿದ್ದುವವರು, ಹೊತ್ತು ಮಾರುವವರು ಎಲ್ಲ ಅವರೇ. ಹಾವೇರಿ ಕಡೆಯ ಗಳಗನಾಥರು ಇದಕ್ಕೂ ಮುಂಚೆ ಕಾದಂಬರಿಗಳನ್ನು ಹೊತ್ತುಕೊಂಡು ಊರೂರು ತಿರುಗಿದ್ದರು. ಪುತ್ತೂರಿನಲ್ಲಿ ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟದ 'ಬಾಲ ಪ್ರಪಂಚ' ತಂದರು. ಕಾರಂತರದು ಆನೆಯ ಹೊರೆ. ರಾಜರತ್ನಂ ಅವರದು ಇರುವೆಯ ಸಾಲು: ಸಣ್ಣ ಪುಸ್ತಕ, ಸಣ್ಣ ಬೆಲೆ, ಒಂದರ ಹಿಂದೆ ಒಂದು. ನನಗಂತೂ ಈ ಎರಡನೆಯದೇ ನಮ್ಮ ಕೈಗೆ ಎಟುಕುವ ದಾರಿ ಅನ್ನಿಸುತ್ತೆ.

ಎಲ್ಲವೂ ಚಿನ್ನ ಅಂತ ನಾನು ಹೇಳೋದಿಲ್ಲ. ಅಷ್ಟೊಂದು ಬರೆದವರಲ್ಲಿ ಜೊಳ್ಳೂ ಇರುತ್ತೆ. ಕೆಲವು ಮಕ್ಕಳ ಪದ್ಯಗಳಲ್ಲಿ ಮೇಷ್ಟರ ಬೆತ್ತ ಇಣುಕುತ್ತೆ. ಕೊನೆಗೆ ಬುದ್ಧಿ ಹೇಳದೆ ಅವರಿಗೆ ಸಮಾಧಾನ ಇಲ್ಲ. ಹಾಗಿದ್ದೂ ಮಕ್ಕಳು ಬುದ್ಧಿಮಾತನ್ನು ಮರೆತು ತಾಳವನ್ನು ಉಳಿಸಿಕೊಂಡರು.

ಮೈಸೂರು, ಬೆಂಗಳೂರು, ತುಮಕೂರು, ಶಿವಮೊಗ್ಗ ಅಂತ ಕಾಲೇಜಿನಿಂದ ಕಾಲೇಜಿಗೆ ವರ್ಗವಾಗುತ್ತಾ 1964ರಲ್ಲಿ ನಿವೃತ್ತರಾದರು. ಹೋದಲ್ಲೆಲ್ಲ ಚೀಲ ಜೊತೆಗೇ. ಅದರಲ್ಲಿ ತಮ್ಮ ಪುಸ್ತಕ ಮಾತ್ರವಲ್ಲ, ವಿದ್ಯಾರ್ಥಿಗಳು ಬರೆದದ್ದನ್ನು ಸೇರಿಸಿ ಅಚ್ಚು ಹಾಕಿಸಿದ್ದೂ ಇರುತ್ತಿತ್ತು. ಹದಿನೆಂಟು ಇಪ್ಪತ್ತರ ಹುಡುಗ ಹುಡುಗಿಯರ ಬರಹಕ್ಕೆ ಪುಸ್ತಕದ ಗೌರವ ಸಿಗಬೇಕು ಅನ್ನೋದು ಅವರ ಹಟ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಕವನ, ಸಣ್ಣಕತೆ ಸ್ಪರ್ಧೆಗಳನ್ನು ನಡೆಸಿದರು. ಅವರ ಶಿಷ್ಯ ಚಿ. ಶ್ರೀನಿವಾಸರಾಜು ಮುಂದೆ ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘ ಕಟ್ಟಿ, ಕಡಿಮೆ ಬೆಲೆಯ ಪುಸ್ತಕಗಳನ್ನು ಸಾಲುಸಾಲಾಗಿ ತಂದರು, ತಾವೇ ಹೊತ್ತು ಮಾರಿದರು. ಅಪ್ಪನ ಚೀಲ ಮಗನ ಹೆಗಲಿಗೆ ಬಂದ ಹಾಗೆ. ನಮ್ಮ ಬಳಗದಂಥ ಬಳಗಗಳು ಇವತ್ತೂ ಉಸಿರಾಡ್ತಾ ಇದ್ದರೆ ಅದರಲ್ಲಿ ಈ ಇಬ್ಬರ ಋಣ ಇದೆ.

ಮನ್ನಣೆ ತಡವಾಗಿ ಬಂತು. 1970ರಲ್ಲಿ ರಾಜ್ಯ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ, 1977ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟು. ಅಷ್ಟು ಹೊತ್ತಿಗೆ ಜನ ಅವರನ್ನು ಸಾಹಿತ್ಯ ಪರಿಚಾರಕ ಅಂತ ಕರೆದಾಗಿತ್ತು. ಪರಿಚಾರಕ ಅಂದರೆ ಅಡುಗೆ ಬಡಿಸುವವನು, ಎಂಜಲೆಲೆ ಎತ್ತುವವನು. ಈ ಬಿರುದಿಗೆ ಬೇರೆ ಯಾವ ಕವಿಯಾದರೂ ಒಪ್ಪುತ್ತಿದ್ದರೋ ಇಲ್ಲವೋ!

1978ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಇದೇ ದೆಹಲಿಯಲ್ಲಿ. ಅದು ಐವತ್ತನೆಯ ಸಮ್ಮೇಳನ, ಅಧ್ಯಕ್ಷರು ರಾಜರತ್ನಂ. ಊರು ಬಿಟ್ಟು ಬಂದ ಕನ್ನಡಿಗರ ನಡುವೆ, ಯಮುನೆಯ ದಡದಲ್ಲಿ, ಮಕ್ಕಳ ಪದ್ಯದ ಮೇಷ್ಟರು ಅಧ್ಯಕ್ಷ ಪೀಠದಲ್ಲಿ ಕೂತರು. ಒಂದು ವರ್ಷ ಕಳೆಯುವುದರೊಳಗೆ, 1979ರ ಮಾರ್ಚ್ 13ರಂದು ತೀರಿಕೊಂಡರು.

ಹೋದ ತಿಂಗಳು ನಮ್ಮ ಸೆಕ್ಟರಿನಲ್ಲಿ ಕನ್ನಡದ ಮನೆಗಳ ಏಳು ಮಕ್ಕಳನ್ನು ಕೇಳಿ ನೋಡಿದೆ. ಆರು ಮಂದಿಗೆ ತುತ್ತೂರಿಯ ಪದ್ಯ ಬಾಯಿಗೆ ಬರುತ್ತೆ. ಅಮ್ಮನೋ ಅಜ್ಜಿಯೋ ಹೇಳಿಕೊಟ್ಟದ್ದು, ಇಲ್ಲವೆ ಮೊಬೈಲಿನಲ್ಲಿ ಕೇಳಿದ್ದು. ಅದನ್ನು ಕನ್ನಡ ಅಕ್ಷರದಲ್ಲಿ ಓದಬಲ್ಲವರು ಇಬ್ಬರು. ಪುಸ್ತಕ ಕಂಡವರು ಒಬ್ಬರೂ ಇಲ್ಲ.