ಕತ್ತಲಲ್ಲಿ ಗಂಟೆ ಹೇಳಿಸಿದ ಬ್ರೆಗೆ

ನಾವು ಗಡಿಯಾರ ನೋಡುತ್ತೇವೆ, ಕೇಳುವುದಿಲ್ಲ. ಕೇಳಿಯೇ ಹೊತ್ತು ತಿಳಿಯುವಂಥ ಗಡಿಯಾರವನ್ನು ತೆಳ್ಳಗೆ ಮಾಡಿಕೊಟ್ಟ ಅಬ್ರಹಾಂ ಲೂಯಿ ಬ್ರೆಗೆಯ ಬಾಳು ನನಗೆ ಯಾವ ರಾಜನ ಚರಿತ್ರೆಗಿಂತಲೂ ದೊಡ್ಡದಾಗಿ ಕಾಣುತ್ತದೆ.

ಆತ ಹುಟ್ಟಿದ್ದು 1747ರಲ್ಲಿ, ಇಂದಿನ ಸ್ವಿಟ್ಜರ್ಲೆಂಡಿನ ನ್ಯೂಷಾತೆಲ್‌ನಲ್ಲಿ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಮಲತಂದೆಯ ಮನೆತನದ ಕಸುಬು ಗಡಿಯಾರ; ಹುಡುಗನೂ ಅದಕ್ಕೇ ಬಿದ್ದ. ಫ್ರಾನ್ಸಿನ ವರ್ಸೈನಲ್ಲಿ ಕೆಲಸ ಕಲಿತು, 1775ರಲ್ಲಿ ಪ್ಯಾರಿಸ್ಸಿನಲ್ಲಿ ಸ್ವಂತ ಅಂಗಡಿ ತೆರೆದ.

ಆಗಿನ್ನೂ ವಿದ್ಯುದ್ದೀಪವಿಲ್ಲ. ನಡುರಾತ್ರಿ ಎಚ್ಚರವಾದರೆ ಮುಳ್ಳು ಕಾಣದು. ಒತ್ತಿದರೆ ಗಂಟೆ ಬಾರಿಸುವ ಜೇಬುಗಡಿಯಾರಗಳೇನೋ ಇದ್ದವು. ಆದರೆ ಒಳಗೆ ಬಟ್ಟಲಿನಂಥ ಗಂಟೆ ಕೂರಿಸಬೇಕಾಗಿದ್ದರಿಂದ ಅವು ದಪ್ಪ. 1783ರಲ್ಲಿ ಬ್ರೆಗೆ ಬಟ್ಟಲನ್ನೇ ತೆಗೆದು ಉಕ್ಕಿನ ತಂತಿ ಇಟ್ಟ. ಮುಂದೆ ಅದು ಯಂತ್ರದ ಸುತ್ತ ಬಳಸಿಕೊಂಡಿತು. ಪುಟ್ಟ ಸುತ್ತಿಗೆ ತಾಕಿದರೆ ಸಾಕು, ಇಂಪಾದ ದನಿ.

ನಿಮಿಷವನ್ನೂ ಹೇಳುವ ಗಡಿಯಾರದ ಒಳಗಿನ ಕುಸುರಿ ನೋಡಬೇಕು! ಗಂಟೆಗೆ, ಕಾಲುಗಂಟೆಗೆ, ನಿಮಿಷಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಬಿಲ್ಲೆಗಳು. ಸನ್ನೆಯ ತುದಿ ಯಾವ ಮೆಟ್ಟಿಲಿಗೆ ಇಳಿಯುತ್ತದೋ ಅಷ್ಟು ಪೆಟ್ಟು. 12 ಗಂಟೆ 59 ನಿಮಿಷಕ್ಕೆ ಒತ್ತಿದರೆ ತಗ್ಗಿದ ದನಿಯಲ್ಲಿ 12, ಜೋಡಿದನಿಯಲ್ಲಿ 3, ಏರುದನಿಯಲ್ಲಿ 14. ಮೆಟ್ಟಿಲು ಕೂದಲೆಳೆಯಷ್ಟು ತಪ್ಪಿದರೂ ಲೆಕ್ಕ ತಪ್ಪೀತು.

ಅದೇ 1783ರಲ್ಲಿ ರಾಣಿ ಮರೀ ಆಂತ್ವನೆತ್ತಳಿಗೆಂದು, ಅಂದು ಗೊತ್ತಿದ್ದ ಎಲ್ಲ ಚಮತ್ಕಾರಗಳೂ ಇರುವ ಗಡಿಯಾರ ಬೇಕೆಂದು ಕೇಳಿಕೆ ಬಂತು. ಹಣಕ್ಕೂ ಮಿತಿಯಿಲ್ಲ, ಕಾಲಕ್ಕೂ ಮಿತಿಯಿಲ್ಲ. ಅಷ್ಟರಲ್ಲಿ ಕ್ರಾಂತಿ. 1793ರಲ್ಲಿ ರಾಣಿಯ ತಲೆ ಉರುಳಿತು. ಬ್ರೆಗೆ ಅದೇ ವರ್ಷ ಸ್ವಿಟ್ಜರ್ಲೆಂಡಿಗೆ ಹೋಗಿ ಜೀವ ಉಳಿಸಿಕೊಂಡ. 1795ರಲ್ಲಿ ಮರಳಿ ಬಂದು ಮತ್ತೆ ಅಂಗಡಿ ಕಟ್ಟಿದ. ನೆಪೋಲಿಯನ್ನನ ತಂಗಿ, ನೇಪಲ್ಸಿನ ರಾಣಿ ಕ್ಯಾರೊಲೀನ್ 1810ರಲ್ಲಿ ಕೇಳಿದಾಗ, ಮಣಿಕಟ್ಟಿಗೆ ಕಟ್ಟಿಕೊಳ್ಳುವ, ಗಂಟೆ ಬಾರಿಸುವ ಗಡಿಯಾರವನ್ನೇ 1812ರಲ್ಲಿ ಮಾಡಿಕೊಟ್ಟ. ದಾಖಲೆಯಲ್ಲಿ ಸಿಗುವ ಮೊಟ್ಟಮೊದಲ ಕೈಗಡಿಯಾರಗಳಲ್ಲಿ ಅದೊಂದು.

ಸತ್ತ ರಾಣಿಯ ಗಡಿಯಾರವನ್ನೂ ಆತ ಬಿಡಲಿಲ್ಲ, ಮತ್ತೆ ಕೈಗೆತ್ತಿಕೊಂಡ. 1823ರಲ್ಲಿ ಬ್ರೆಗೆ ತೀರಿಕೊಂಡಾಗ ಅದಿನ್ನೂ ಮುಗಿದಿರಲಿಲ್ಲ. ಮಗನ ಕಾಲದಲ್ಲಿ, 1827ರಲ್ಲಿ ಮುಗಿಯಿತು. ಕೇಳಿಕೆ ಬಂದು 44 ವರ್ಷ! 1983ರಲ್ಲಿ ಜೆರುಸಲೇಮಿನ ವಸ್ತುಸಂಗ್ರಹಾಲಯದಿಂದ ಕಳುವಾದ ಅದು 2007ರಲ್ಲಿ ಮರಳಿ ಬೆಳಕಿಗೆ ಬಂತು.

ಪರೀಕ್ಷೆಗೆ ಬರೋಲ್ಲ ಅಂತ ಗೊತ್ತಾದ ಕೂಡಲೇ ಪುಸ್ತಕ ಮುಚ್ಚಿಡುವವರು ನಾವು. ಕೊಳ್ಳುವವಳೇ ಇಲ್ಲದ ಗಡಿಯಾರದ ಒಳಗಿನ ಬಿಲ್ಲೆಯ ಮೆಟ್ಟಿಲನ್ನು ಆ ಮುದುಕ ಯಾಕೆ ಅಷ್ಟು ನಯವಾಗಿ ಉಜ್ಜಿಸಿದನೋ, ಗೆಳೆಯರೇ, ನೀವೇ ಯೋಚಿಸಿ.